ವಯಸ್ಕರ ಬೆನ್ನುಡೊಂಕು: ಆಪರೇಷನ್‌ಗೆ ಒಪ್ಪುವ ಮುನ್ನ ಯಾವ ಮಣಿಯಿಂದ ಯಾವ ಮಣಿಯವರೆಗೆ ಎಂದು ಕೇಳಿ

ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಡೊಂಕಾಗುವ ತೊಂದರೆ) ಇರುವ ವಯಸ್ಕರು ಒಪಿಡಿಗೆ ಬರುವಾಗ ಎಕ್ಸ್‌ರೇ ವರದಿಯ ಒಂದು ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ: ‘ಕಾಬ್ ಕೋನ 42 ಡಿಗ್ರಿ’. ಡೊಂಕು ಎಷ್ಟು ಬಾಗಿದೆ ಎಂಬುದರ ಅಳತೆ ಅದು. ಇನ್ನೂ ಬೆಳೆಯುವ ಮಕ್ಕಳಲ್ಲಿ ಆ ಸಂಖ್ಯೆಗೆ ದೊಡ್ಡ ಬೆಲೆಯಿದೆ. ನಲವತ್ತು ದಾಟಿದವರಲ್ಲಿ ಅದೊಂದನ್ನೇ ನೋಡಿ ಆಪರೇಷನ್ ನಿರ್ಧರಿಸಬಾರದು. ಒಂದೇ ಫಿಲ್ಮನ್ನು ಇಬ್ಬರು ಅಳೆದರೂ 5 ಡಿಗ್ರಿವರೆಗೆ ವ್ಯತ್ಯಾಸ ಬರುತ್ತದೆ. ಹಾಗಾಗಿ ಹೋದ ವರ್ಷದ 42 ಈ ವರ್ಷ 45 ಆಯಿತೆಂದು ಗಾಬರಿಯಾಗುವ ಕಾರಣವಿಲ್ಲ.

ವಯಸ್ಕರ ಡೊಂಕಿನಲ್ಲಿ ಎರಡು ಬಗೆ. ಹರೆಯದಲ್ಲೇ ಬಂದು ಉಳಿದುಕೊಂಡದ್ದು ಒಂದು. ಬೆಳವಣಿಗೆ ಮುಗಿದಾಗ 30 ಡಿಗ್ರಿಗಿಂತ ಕಡಿಮೆ ಇದ್ದರೆ ಅದು ಹೆಚ್ಚಾಗುವುದು ಅಪರೂಪ. ಎದೆಭಾಗದಲ್ಲಿ 50 ದಾಟಿದ್ದರೆ ವರ್ಷಕ್ಕೆ ಸುಮಾರು 1 ಡಿಗ್ರಿಯಂತೆ ಏರಬಹುದು. ಇನ್ನೊಂದು, ಐವತ್ತರ ನಂತರ ಡಿಸ್ಕ್ (ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ) ಮತ್ತು ಹಿಂದಿನ ಸಣ್ಣ ಕೀಲುಗಳು ಒಂದೇ ಬದಿಗೆ ಹೆಚ್ಚು ಸವೆದು ಸೊಂಟದಲ್ಲಿ ಹೊಸದಾಗಿ ಹುಟ್ಟುವ ಡೊಂಕು. ಇಲ್ಲಿ ಕೋನ 20-25 ಇದ್ದರೂ ನರ ಒತ್ತಿ, ನಾಲ್ಕು ಹೆಜ್ಜೆಗೆ ಕಾಲು ಜೋಮು ಹಿಡಿಯಬಹುದು.

ನಾವು ವೈದ್ಯರು ಕೋನಕ್ಕಿಂತ ಮೊದಲು ನೋಡುವುದು, ಪಕ್ಕದಿಂದ ಕಂಡಾಗ ತಲೆ ಸೊಂಟದ ಮೇಲಿದೆಯೋ ಮುಂದಕ್ಕೆ ಜಾರಿದೆಯೋ ಎಂಬುದನ್ನು. ‘ಬೆಳಗ್ಗೆ ನೆಟ್ಟಗ ಇರ್ತೀನ್ರಿ, ಸಂಜಿಗೆ ತೊಡಿ ಮ್ಯಾಲ ಕೈ ಊರಬೇಕು’ ಎನ್ನುವವರ ತೊಂದರೆ ಬಹುಪಾಲು ಇದೇ. ಕುತ್ತಿಗೆಯ ಏಳನೇ ಮಣಿಯಿಂದ ಇಳಿಬಿಟ್ಟ ಗೆರೆ, ಸೊಂಟದ ಕೆಳಗಿನ ತ್ರಿಕಾಸ್ಥಿಯ ಹಿಂದಿನ ಮೂಲೆಗಿಂತ 5 ಸೆಂ.ಮೀ.ಗೂ ಹೆಚ್ಚು ಮುಂದೆ ಬಿದ್ದರೆ ಸಮತೋಲ ತಪ್ಪಿದೆ ಎಂದು ಲೆಕ್ಕ. ನೋವು, ಆಯಾಸ, ನಡೆಯಲಾಗದ ಸ್ಥಿತಿ ಇವೆಲ್ಲ ಪಕ್ಕಕ್ಕೆ ಬಾಗಿದ ಡೊಂಕಿಗಿಂತ ಈ ಮುಂದಿನ ವಾಲಿಕೆಯ ಜೊತೆ ಹೆಚ್ಚು ಹೊಂದುತ್ತವೆ.

ಇದನ್ನು ಅಳೆಯಲು ಮಲಗಿಸಿ ತೆಗೆದ ಸೊಂಟದ ಎಕ್ಸ್‌ರೇ ಸಾಲದು. ತಲೆಯ ಬುಡದಿಂದ ತೊಡೆಯ ಕೀಲಿನವರೆಗೆ, ನಿಂತು, ಮೊಣಕಾಲು ನೆಟ್ಟಗಿಟ್ಟು, ಎದುರಿನಿಂದ ಒಂದು, ಪಕ್ಕದಿಂದ ಒಂದು ಫಿಲ್ಮ್ ಬೇಕು. ಪಕ್ಕದ ಫಿಲ್ಮ್‌ಗೆ ಕೈಬೆರಳು ಕೊರಳೆಲುಬಿನ ಮೇಲೆ ಇರಬೇಕು. ನೋವಿರುವವರು ತಿಳಿಯದೆಯೇ ಮೊಣಕಾಲು ಮಡಚುತ್ತಾರೆ, ಆಗ ವಾಲಿಕೆ ಮರೆಯಾಗಿ ಫಿಲ್ಮ್ ಸುಳ್ಳು ಹೇಳುತ್ತದೆ. ನರದ ಒತ್ತಡ ತಿಳಿಯಲು ಎಂಆರ್‌ಐ ಬೇರೆಯೇ ಬೇಕು.

ಅವಸರ ಬೇಡ. ಉತ್ತರ ಅಮೆರಿಕದಲ್ಲಿ 40ರಿಂದ 80 ವಯಸ್ಸಿನ, ಸೊಂಟದ ಡೊಂಕಿನಿಂದ ನರಳುವವರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಪರೇಷನ್ ಮಾಡಿಸಿಕೊಂಡವರು ಎರಡು ವರ್ಷದ ಹೊತ್ತಿಗೆ ಸುಧಾರಿಸಿದ್ದರು, ಮಾಡಿಸಿಕೊಳ್ಳದವರು ಸರಾಸರಿಯಲ್ಲಿ ಇದ್ದಂತೆಯೇ ಇದ್ದರು. ಅಂದರೆ ಕಾದರೆ ಕೆಟ್ಟೇ ಹೋಗುತ್ತದೆ ಎಂಬ ಭಯ ಹೆಚ್ಚಿನವರಿಗೆ ಅನಗತ್ಯ. ಮೂರರಿಂದ ಆರು ತಿಂಗಳು ಶಿಸ್ತಾಗಿ ಫಿಸಿಯೋಥೆರಪಿ, ಕಾಲುನೋವಿಗೆ ನರದ ಬುಡಕ್ಕೆ ಇಂಜೆಕ್ಷನ್, ಇವನ್ನು ಮೊದಲು ನೋಡಬೇಕು. ಬೆಲ್ಟ್ ವಯಸ್ಕರ ಡೊಂಕನ್ನು ತಿದ್ದುವುದಿಲ್ಲ, ದಿನವಿಡೀ ಕಟ್ಟಿಕೊಂಡರೆ ಸ್ನಾಯು ಸೋಲುತ್ತದೆ. ಆದರೆ ಪಾದ ಎತ್ತಲಾಗದಿದ್ದರೆ, ಮೂತ್ರ-ಮಲದ ಹಿಡಿತ ತಪ್ಪಿದರೆ, ಕೂರುವ ಭಾಗದ ಸ್ಪರ್ಶ ಸತ್ತರೆ ಅದೇ ದಿನ ಆಸ್ಪತ್ರೆಗೆ ಬನ್ನಿ.

ಆಪರೇಷನ್ ಎಂದರೆ ಒಂದೇ ಬಗೆಯದಲ್ಲ. ಕಾಲುನೋವು ಮಾತ್ರ ಇದ್ದು ಸಮತೋಲ ಸರಿಯಿದ್ದರೆ ನರದ ಒತ್ತಡ ಬಿಡಿಸುವುದಷ್ಟೇ ಸಾಕಾಗಬಹುದು. ಆದರೆ ಡೊಂಕಿನ ನಡುಮಧ್ಯೆ ಹೆಚ್ಚು ಎಲುಬು ಕೆತ್ತಿದರೆ ಅದು ಮುಂದೆ ಕುಸಿಯುವ ಅಪಾಯವಿದೆ. ಒಂದೆರಡು ಮಣಿ ಬೆಸೆಯುವುದು, ಅಂದರೆ ಅಲುಗದಂತೆ ಒಂದೇ ಎಲುಬಾಗಿ ಕೂಡಿಸುವುದು, ನಡುವಿನ ದಾರಿ. ಸಮತೋಲ ಪೂರ್ತಿ ತಪ್ಪಿದವರಿಗೆ ಎದೆಯ ಹತ್ತನೇ ಮಣಿಯಿಂದ, ಅಂದರೆ ಟಿ10ರಿಂದ, ಸೊಂಟದ ಎಲುಬಿನವರೆಗೆ (ಪೆಲ್ವಿಸ್) ಸ್ಕ್ರೂ ಮತ್ತು ರಾಡ್ ಹಾಕಿ ಬೆಸೆಯುವುದು ಸಾಮಾನ್ಯ. ಬಿಗಿದುಹೋದ ಡೊಂಕಿಗೆ ಹಿಂಭಾಗದ ಕೀಲು ಕತ್ತರಿಸಿದರೆ ಮಟ್ಟವೊಂದಕ್ಕೆ 5ರಿಂದ 10 ಡಿಗ್ರಿ, ಮಣಿಯಿಂದಲೇ ಬೆಣೆ ತೆಗೆದರೆ ಸುಮಾರು 30 ಡಿಗ್ರಿ ತಿದ್ದಬಹುದು. ಲೋಹ ಹಿಡಿದಿಡುವುದು ತಾತ್ಕಾಲಿಕ. ಶಾಶ್ವತವಾಗಿ ಹಿಡಿಯಬೇಕಾದ್ದು ಅದರ ಪಕ್ಕ ಹಾಕಿದ ಎಲುಬಿನ ಚೂರುಗಳು, ಅವು ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಬೆನ್ನನ್ನು ಪೂರ್ತಿ ನೆಟ್ಟಗೆ ಮಾಡುವ ಗುರಿ ಇರುವುದಿಲ್ಲ. ಎಪ್ಪತ್ತರವರನ್ನು ಮೂವತ್ತರವರ ಅಳತೆಗೆ ತಿದ್ದಿದರೆ ಬೆಸುಗೆಯ ಮೇಲಿನ ಮಣಿ ಮುರಿದು ಗೂನಾಗುವ ಸಾಧ್ಯತೆ ಹೆಚ್ಚುತ್ತದೆ.

ಆದ್ದರಿಂದ ಸರ್ಜನ್ನರನ್ನು ಕೇಳಲೇಬೇಕಾದ ಪ್ರಶ್ನೆ: ಯಾವ ಮಣಿಯಿಂದ ಯಾವ ಮಣಿಯವರೆಗೆ, ಏಕೆ ಅಲ್ಲಿ ನಿಲ್ಲಿಸುತ್ತೀರಿ?

ನಮ್ಮ ಕಡೆಯ ಬದುಕು ನೆಲದ ಮೇಲಿನದು. ರೊಟ್ಟಿ ಬಡಿಯುವುದು, ಊಟ, ಪೂಜೆ, ನಮಾಜು, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು, ಹೊಲದಲ್ಲಿ ಕಳೆ ತೆಗೆಯುವುದು, ಗದಗ-ಬೆಟಗೇರಿಯಲ್ಲಿ ಕುಣಿಮಗ್ಗದ ಮುಂದೆ ಕೂರುವುದು, ಎಲ್ಲಕ್ಕೂ ಸೊಂಟ ಬಾಗಬೇಕು. ಟಿ10ರಿಂದ ಸೊಂಟದ ಎಲುಬಿನವರೆಗೆ ಬೆಸೆದ ಮೇಲೆ ಬಾಗುವುದು ತೊಡೆಯ ಕೀಲಿನಿಂದ ಮಾತ್ರ. ಕುಕ್ಕರಗಾಲಲ್ಲಿ ಕೂತರೆ ಹಿಂದಕ್ಕೆ ಬೀಳುತ್ತಾರೆ, ಚಕ್ಕಳಮಕ್ಕಳ ಕೂತವರಿಗೆ ಏಳಲು ಆಸರೆ ಬೇಕು. ಶೌಚದ ನಂತರ ತೊಳೆದುಕೊಳ್ಳಲು ಕೈ ಎಟುಕದಿರುವುದು ಹಲವರ ಕಷ್ಟ. ನಾಚಿಕೆಯಿಂದ ಯಾರೂ ಇದನ್ನು ಕೇಳುವುದಿಲ್ಲ, ಹೇಳಬೇಕಾದವರೂ ಬಿಟ್ಟುಬಿಡುತ್ತಾರೆ. ಆಪರೇಷನ್‌ಗೆ ಮೊದಲೇ ಮನೆಯಲ್ಲಿ ಎತ್ತರದ ಕಮೋಡ್, ನೀರಿನ ಜೆಟ್, ಗೋಡೆಗೆ ಹಿಡಿಕೆ, ನಿಂತು ಅಡುಗೆ ಮಾಡುವ ಕಟ್ಟೆ ಆಗಿರಲಿ. ಬೆಸುಗೆಯನ್ನು ಐದನೇ ಸೊಂಟದ ಮಣಿಗೇ ನಿಲ್ಲಿಸಿದರೆ ಒಂದಿಷ್ಟು ಬಾಗು ಉಳಿಯುತ್ತದೆ, ಆದರೆ ಅದರ ಕೆಳಗಿನ ಡಿಸ್ಕ್ ಸವೆದು ಮುಂದೆ ಮತ್ತೊಂದು ಆಪರೇಷನ್ ಬರಬಹುದು. ಆ ಬಾಗಿಗೆ ಆ ಬೆಲೆ ತೆರಬಹುದೇ ಎಂಬುದು ನಿಮ್ಮ ಕೆಲಸ ನೋಡಿ ತೀರ್ಮಾನವಾಗಲಿ.

ಅಪಾಯದ ಲೆಕ್ಕವನ್ನು ಮುಚ್ಚಿಡಬಾರದು. ದೊಡ್ಡ ಕೇಂದ್ರಗಳ ಅಧ್ಯಯನದಲ್ಲೂ ವಯಸ್ಕರ ದೊಡ್ಡ ತಿದ್ದುಪಡಿಯ ನಂತರ ಎರಡು ವರ್ಷದೊಳಗೆ ಹತ್ತರಲ್ಲಿ ಸುಮಾರು ಏಳು ಜನರಿಗೆ ಸಣ್ಣದೋ ದೊಡ್ಡದೋ ಒಂದು ತೊಡಕು ಬಂದಿದೆ, ಕಾಲುಭಾಗಕ್ಕೂ ಹೆಚ್ಚು ಜನರಿಗೆ ಮರುಆಪರೇಷನ್ ಆಗಿದೆ. ಸೋಂಕು, ನರದ ಬಲಹೀನತೆ, ಬೆಸೆಯದೆ ರಾಡ್ ಮುರಿಯುವುದು, ಮೇಲ್ತುದಿಯ ಗೂನು ಮುಖ್ಯವಾದವು.

ಇವುಗಳಲ್ಲಿ ಕೆಲವನ್ನು ರೋಗಿಯ ಕಡೆಯಿಂದಲೇ ತಗ್ಗಿಸಬಹುದು. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಎಲುಬು ಟೊಳ್ಳು ಎಂದರ್ಥ. ಜೋಳದ ದಂಟಿನ ಬೆಂಡಿಗೆ ಸ್ಕ್ರೂ ತಿರುಗಿಸಿದಂತೆ, ಹಿಡಿತವೇ ಸಿಗುವುದಿಲ್ಲ. ಅಂಥವರಿಗೆ ಎಲುಬು ಗಟ್ಟಿಮಾಡುವ ಟೆರಿಪ್ಯಾರಟೈಡ್‌ನಂಥ ಔಷಧವನ್ನು ಕೆಲವು ತಿಂಗಳು ಕೊಟ್ಟು, ವಿಟಮಿನ್ ಡಿ ಸರಿಪಡಿಸಿ, ಆಮೇಲೆ ಆಪರೇಷನ್. ಮೂರು ತಿಂಗಳ ಸಕ್ಕರೆಯ ಲೆಕ್ಕ ಎಚ್‌ಬಿಎ1ಸಿ 7ರ ಆಸುಪಾಸಿಗೆ ಇಳಿಯಬೇಕು, ರಕ್ತಹೀನತೆ ಇದ್ದರೆ ತುಂಬಿಸಬೇಕು. ಬೀಡಿಯಷ್ಟೇ ಅಲ್ಲ, ಗುಟ್ಕಾ, ತಂಬಾಕೂ ಕನಿಷ್ಠ ಆರು ವಾರ ಮೊದಲೇ ನಿಲ್ಲಬೇಕು, ಆಮೇಲೂ ಶುರುವಾಗಬಾರದು. ನಿಕೋಟಿನ್ ಹೊಸ ಎಲುಬಿಗೆ ರಕ್ತ ಹೋಗುವುದನ್ನು ತಡೆಯುತ್ತದೆ.

ಗದಗ, ಹಾವೇರಿಯವರು ಸಕ್ಕರೆ, ರಕ್ತದ ತಯಾರಿಯನ್ನು ತಮ್ಮ ಜಿಲ್ಲೆಯಲ್ಲೇ ಮಾಡಿಕೊಳ್ಳಬಹುದು. ದೊಡ್ಡ ಆಪರೇಷನ್ ಮಾತ್ರ, ಹುಬ್ಬಳ್ಳಿ-ಧಾರವಾಡದಲ್ಲಾಗಲಿ ಬೆಂಗಳೂರಿನಲ್ಲಾಗಲಿ, ನರದ ಸಂಕೇತವನ್ನು ಉದ್ದಕ್ಕೂ ಗಮನಿಸುವ ಯಂತ್ರ, ರಕ್ತನಿಧಿ, ಐಸಿಯು ಇರುವ ಕಡೆಯೇ ಆಗಬೇಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮ್ಮ ಆಪರೇಷನ್ ಯಾವ ಪ್ಯಾಕೇಜಿಗೆ ಬರುತ್ತದೆ, ಸ್ಕ್ರೂ-ರಾಡ್ ಅದರಲ್ಲಿ ಸೇರಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಿಂದ ದಿನಾಂಕ ಗೊತ್ತುಮಾಡುವ ಮೊದಲೇ ತಿಳಿಯಿರಿ.

ಮನೆಗೆ ಮರಳುವಾಗ ಕಾರಿನ ಮುಂದಿನ ಸೀಟು ಹಿಂದಕ್ಕೆ ಒರಗಿಸಿ, ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಕಾಲಿನ ರಕ್ತ ಹೆಪ್ಪುಗಟ್ಟದಿರಲು ಇದು ಬೇಕು. ಮೊದಲ ಮೂರು ತಿಂಗಳು ತುಂಬಿದ ಕೊಡ ಎತ್ತಬಾರದು. ಆರು ವಾರ, ಆರು ತಿಂಗಳು, ಒಂದು ವರ್ಷ, ಎರಡು ವರ್ಷಕ್ಕೆ ನಿಂತ ಫಿಲ್ಮ್ ತೆಗೆಸಬೇಕು. ನೋವಿಲ್ಲವೆಂದು ಎರಡನೇ ವರ್ಷದ್ದನ್ನು ಬಿಡುವವರು ಬಹಳ, ರಾಡ್ ಮುರಿಯುವುದು ಹೆಚ್ಚಾಗಿ ಮೊದಲ ವರ್ಷ ದಾಟಿದ ಮೇಲೆಯೇ. ಚೆನ್ನಾಗಿದ್ದ ಬೆನ್ನಿನಲ್ಲಿ ಒಮ್ಮೆಲೇ ಟಕ್ ಎಂದು ಹೊಸ ನೋವು ಬಂದರೆ ಎಣ್ಣೆ ತಿಕ್ಕಿಸಲು ಹೋಗದೆ ಎಕ್ಸ್‌ರೇ ತೆಗೆಸಿ, ಹಳೆಯ ಫಿಲ್ಮ್‌ಗಳ ಜೊತೆ ಅದೇ ಸರ್ಜನ್ನರಿಗೆ ತೋರಿಸಿ.