ಪದ ಪರಿಚಯ: ಸ್ಯಾಂಪಲ್

ಹಾಡು ಕೇಳ್ತಾ ಕೂತಿರುತ್ತೀರಿ. ನಡುವೆ ಎಲ್ಲೋ ಎರಡು ಸೆಕೆಂಡಿನ ಒಂದು ತುಣುಕು ಬರುತ್ತದೆ. ಗಿಟಾರಿನ ಮೀಟು ಇರಬಹುದು, ಡ್ರಮ್ಮಿನ ಒಂದು ಪೆಟ್ಟು ಇರಬಹುದು. ತಕ್ಷಣ ಹಾಡನ್ನು ಹಿಂದಕ್ಕೆ ಎಳೆದು ಅದನ್ನೇ ಮತ್ತೆ ಕೇಳುತ್ತೀರಿ. ಇನ್ನೊಂದು ಸಲ. ಉಳಿದ ಹಾಡು ಬೇಡ, ಆ ಚೂರಷ್ಟೇ ಸಾಕು ಅನ್ನಿಸುತ್ತದೆ. ಆ ಚೂರನ್ನು ಕತ್ತರಿಸಿಕೊಂಡು ಅದರ ಸುತ್ತ ನಿಮ್ಮದೇ ಹಾಡು ಕಟ್ಟಿದರೆ, ಆ ಚೂರಿನ ಹೆಸರು ಸ್ಯಾಂಪಲ್. ಹಾಗೆ ಕಟ್ಟುವ ಕೆಲಸ ಸ್ಯಾಂಪ್ಲಿಂಗ್.

ನಾವು ದಿನಾ ಬಳಸುವ ‘ಸ್ಯಾಂಪಲ್’ ಬೇರೆ. ಬಟ್ಟೆಯ ಸ್ಯಾಂಪಲ್ ನೋಡಿದರೆ ಇಡೀ ಥಾನು ಹೇಗಿದೆ ಎಂದು ಗೊತ್ತಾಗಬೇಕು. ಸಂಗೀತದ ಸ್ಯಾಂಪಲ್ಲಿಗೆ ಆ ಜವಾಬ್ದಾರಿ ಇಲ್ಲ. ಅದು ಕೌದಿಗೆ ಸೇರಿದ ಹಳೆ ಸೀರೆಯ ತುಂಡಿನ ಹಾಗೆ. ಸೀರೆ ಯಾವುದೆಂದು ಗುರುತು ಸಿಕ್ಕರೂ ಸರಿ, ಸಿಗದಿದ್ದರೂ ಸರಿ, ಈಗ ಅದು ಕೌದಿಯದೇ.

ಈ ಪದಕ್ಕೆ ಎಂಜಿನಿಯರುಗಳ ಅರ್ಥ ಒಂದಿದೆ. ದನಿಯನ್ನು ಡಿಜಿಟಲ್ ಆಗಿ ಹಿಡಿಯುವಾಗ ಯಂತ್ರ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆಯುತ್ತದೆ. ಸಿಡಿಗೆ 44,100 ಸಲ. ಆ ಒಂದೊಂದು ಅಳತೆಯೂ ಒಂದು ಸ್ಯಾಂಪಲ್. 1979ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪೀಟರ್ ವೋಗಲ್ ಮತ್ತು ಕಿಮ್ ರೈರಿ ‘ಫೇರ್‌ಲೈಟ್ ಸಿಎಂಐ’ ಎಂಬ ಯಂತ್ರ ತಂದರು. ಯಾವುದೇ ದನಿಯನ್ನು ಹಿಡಿದು ಕೀಬೋರ್ಡಿನ ಮನೆಗಳ ಮೇಲೆ ನುಡಿಸಬಹುದಿತ್ತು. ಹಾಗೆ ಹಿಡಿದ ದನಿಗೆ ಅವರು ಸ್ಯಾಂಪಲ್ ಎಂದರು. ಅಲ್ಲಿಂದ ಆ ಹೆಸರು ಸಂಗೀತಗಾರರ ಬಾಯಿಗೆ ಬಂತು.

ಕೆಲಸ ಮಾತ್ರ ಹೆಸರಿಗಿಂತ ಹಳೆಯದು. 1948ರಲ್ಲೇ ಪ್ಯಾರಿಸ್ಸಿನಲ್ಲಿ ಪಿಯರ್ ಶೆಫರ್ ರೈಲಿನ ಸದ್ದುಗಳನ್ನು ಗ್ರಾಮಫೋನ್ ತಟ್ಟೆಯಲ್ಲಿ ಮುದ್ರಿಸಿ, ಅವನ್ನೇ ಜೋಡಿಸಿ ಸಂಗೀತ ಮಾಡಿದ್ದರು. ಆದರೆ ನನಗೆ ತುಂಬಾ ಇಷ್ಟವಾದ ಕಥೆ ನ್ಯೂಯಾರ್ಕಿನ ಬ್ರಾಂಕ್ಸಿನದು. 1970ರ ದಶಕದಲ್ಲಿ ಅಲ್ಲಿ ಡಿಜೆ ಕೂಲ್ ಹರ್ಕ್ ಪಾರ್ಟಿಗಳಿಗೆ ಹಾಡು ಹಾಕುತ್ತಿದ್ದರು. ಕುಣಿಯುವವರನ್ನು ಗಮನಿಸಿದಾಗ ಅವರಿಗೆ ಒಂದು ವಿಷಯ ಹೊಳೆಯಿತು. ಹಾಡುಗಾರಿಕೆ ನಿಂತು ಬರೀ ಡ್ರಮ್ ಕೇಳಿಸುವ ಆ ಕೆಲವು ಸೆಕೆಂಡುಗಳಿಗೇ ಜನ ಕಾಯುತ್ತಿದ್ದರು. ಆ ಭಾಗಕ್ಕೆ ಬ್ರೇಕ್ ಎನ್ನುತ್ತಾರೆ. ಹರ್ಕ್ ಒಂದೇ ಹಾಡಿನ ಎರಡು ತಟ್ಟೆ ಇಟ್ಟುಕೊಂಡರು. ಒಂದರಲ್ಲಿ ಬ್ರೇಕ್ ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಅದನ್ನೇ ಶುರು ಮಾಡುತ್ತಿದ್ದರು. ಕೆಲವೇ ಸೆಕೆಂಡಿನ ಡ್ರಮ್ ನಿಮಿಷಗಟ್ಟಲೆ ಉಳಿಯಿತು. ಹಿಪ್ ಹಾಪ್ ಸಂಗೀತ ಹುಟ್ಟಿದ್ದು ಹೀಗೆ. ಅವರು ಹೊಸದಾಗಿ ಒಂದು ಸ್ವರವನ್ನೂ ನುಡಿಸಲಿಲ್ಲ. ಜನ ಎಲ್ಲಿ ಕಿವಿಗೊಟ್ಟರು ಎಂದು ನೋಡಿದರು, ಅಷ್ಟೇ. ಸ್ಯಾಂಪ್ಲಿಂಗಿನ ತಿರುಳು ಇದೇ ಎಂದು ನಾನು ನಂಬಿದ್ದೇನೆ. ಮೊದಲು ಚೆನ್ನಾಗಿ ಕೇಳಬೇಕು, ಮಾಡುವುದು ಅಲ್ಲಿಂದಲೇ ಶುರು.

ಇಂಥ ಬ್ರೇಕ್‌ಗಳಲ್ಲಿ ‘ಆಮೆನ್ ಬ್ರೇಕ್’ ಎಂಬುದು ಬಹಳ ಹೆಸರಾದದ್ದು. 1969ರಲ್ಲಿ ದಿ ವಿನ್‌ಸ್ಟನ್ಸ್ ತಂಡ ತಂದ ತಟ್ಟೆಯ ಹಿಂಬದಿಯ ಹಾಡಿನಲ್ಲಿ ಗ್ರೆಗರಿ ಕೋಲ್ಮನ್ ಬಾರಿಸಿದ, ಸುಮಾರು ಏಳು ಸೆಕೆಂಡಿನ ಡ್ರಮ್ ಅದು. ಮುಂದೆ ಸಾವಿರಾರು ಹಾಡುಗಳು ಅದನ್ನು ಎತ್ತಿಕೊಂಡವು. ಜಂಗಲ್, ಡ್ರಮ್ ಆಂಡ್ ಬೇಸ್ ಎಂಬ ಪ್ರಕಾರಗಳು ಅದರ ಮೇಲೇ ಬೆಳೆದವು. ಕೋಲ್ಮನ್ ಅವರಿಗೆ ಅದರಿಂದ ಹಣ ಬರಲಿಲ್ಲ. 2006ರಲ್ಲಿ ಅವರು ತೀರಿಕೊಂಡರು. ಆ ಡ್ರಮ್ ಕೇಳಿದಾಗಲೆಲ್ಲ ನನಗೆ ಇದು ನೆನಪಾಗಿ ಸಂಕಟವಾಗುತ್ತದೆ.

ಹಾಗಾಗಿ ಅನುಮತಿಯ ಮಾತು ಬಿಡುವ ಹಾಗಿಲ್ಲ. 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ಸ್ಯಾಂಪಲ್ ಪ್ರಕರಣದ ತೀರ್ಪನ್ನು ‘ಕದಿಯಬಾರದು’ ಎಂಬ ಬೈಬಲ್ಲಿನ ಆಜ್ಞೆಯಿಂದಲೇ ಶುರು ಮಾಡಿತು. ಅಲ್ಲಿಂದ ಮುಂದೆ ದೊಡ್ಡ ಕಂಪನಿಗಳು ಮೊದಲೇ ಒಪ್ಪಿಗೆ ಪಡೆಯತೊಡಗಿದವು. ಇದಕ್ಕೆ ಕ್ಲಿಯರೆನ್ಸ್ ಎನ್ನುತ್ತಾರೆ. ಒಪ್ಪಿಗೆ ಎರಡು ಕಡೆಯಿಂದ ಬೇಕು: ಹಾಡು ಕಟ್ಟಿದವರಿಂದ, ಮತ್ತು ಆ ಧ್ವನಿಮುದ್ರಣದ ಹಕ್ಕು ಇರುವವರಿಂದ. ‘ಇಷ್ಟು ಸೆಕೆಂಡಿನ ಒಳಗಿದ್ದರೆ ತೊಂದರೆ ಇಲ್ಲ’ ಅಂತ ಸುಮ್ನೆ ಹೇಳುತ್ತಿರುತ್ತಾರೆ. ಅದನ್ನು ನಂಬಬೇಡಿ.

ಇಂಟರ್ನೆಟ್ ಬಂದ ಮೇಲೆ ಕೇಳುವುದೂ ಮಾಡುವುದೂ ಒಂದೇ ಪರದೆಗೆ ಬಂದವು. ನೈನ್ ಇಂಚ್ ನೇಲ್ಸ್ ತಂಡ 2008ರಲ್ಲಿ ಮಾತಿಲ್ಲದ ಸಂಗೀತದ ಒಂದು ಆಲ್ಬಂ ಬಿಟ್ಟಿತು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇತ್ತು: ಹೆಸರು ಹೇಳಿ, ವ್ಯಾಪಾರ ಮಾಡದೆ, ಬದಲಿಸಿದ್ದನ್ನು ಇದೇ ಷರತ್ತಿನಲ್ಲಿ ಹಂಚುವುದಾದರೆ ಯಾರು ಬೇಕಾದರೂ ಬಳಸಬಹುದು. ಹತ್ತು ವರ್ಷ ಕಳೆದ ಮೇಲೆ ನೆದರ್ಲೆಂಡ್ಸಿನ ಯಂಗ್‌ಕಿಯೋ ಎಂಬ ಹುಡುಗನಿಗೆ ಯೂಟ್ಯೂಬ್ ತಾನಾಗಿಯೇ ಆ ಆಲ್ಬಂನ ಒಂದು ಭಾಗವನ್ನು ತೋರಿಸಿತು. ಅದರೊಳಗಿನ ಬ್ಯಾಂಜೋ ದನಿಯನ್ನು ಕತ್ತರಿಸಿ, ಡ್ರಮ್ ಸೇರಿಸಿ ಆತ ಒಂದು ಬೀಟ್, ಅಂದರೆ ಹಾಡಲು ಬೇಕಾದ ಹಿನ್ನೆಲೆ ಸಂಗೀತ, ಮಾಡಿ ಮಾರಾಟಕ್ಕಿಟ್ಟ. ಅಮೆರಿಕದ ಗಾಯಕ ಲಿಲ್ ನಾಸ್ ಎಕ್ಸ್ ಅದನ್ನು 30 ಡಾಲರಿಗೆ ಕೊಂಡು ಹಾಡಿದ. ಅದೇ ‘ಓಲ್ಡ್ ಟೌನ್ ರೋಡ್’. 2019ರಲ್ಲಿ 19 ವಾರ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಕೂತಿತು. ವ್ಯಾಪಾರದ ಹಾಡಾದ್ದರಿಂದ ಮೂಲದವರ ಒಪ್ಪಿಗೆ ಬೇಕಾಯಿತು. ಅದೂ ಸಿಕ್ಕಿತು, ಅವರ ಹೆಸರೂ ಸೇರಿತು.

ನೀವೂ ಹುಡುಕಬೇಕು ಅಂದರೆ ‘ಹೂಸ್ಯಾಂಪಲ್ಡ್’ ತಾಣದಿಂದ ಶುರು ಮಾಡಿ. ಒಂದು ಹಾಡಿನ ಹೆಸರು ಕೊಟ್ಟರೆ ಅದು ಯಾವ ಹಾಡಿನಿಂದ ಚೂರು ತಗೊಂಡಿದೆ, ಅದರ ಚೂರು ಯಾರು ತಗೊಂಡಿದ್ದಾರೆ ಎಂದು ತೋರಿಸುತ್ತದೆ. ಹೀಗೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ನಾನು ಕೇಳಿದಷ್ಟು ಹಳೆಯ ಸಂಗೀತವನ್ನು ಬೇರೆ ಯಾವ ಶಿಫಾರಸು ಪಟ್ಟಿಯೂ ಕೇಳಿಸಿಲ್ಲ. ಮಾಡಲು ಕಚ್ಚಾ ದನಿ ಬೇಕಿದ್ದರೆ ‘ಫ್ರೀಸೌಂಡ್’ ಇದೆ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯ 2005ರಲ್ಲಿ ಶುರು ಮಾಡಿದ್ದು. ಮಳೆ, ಗಂಟೆ, ಪಿಯಾನೊ, ಯಂತ್ರದ ಗುಂಯ್ ಸದ್ದು ಎಲ್ಲ ಸಿಗುತ್ತವೆ. ಪ್ರತಿ ಫೈಲಿಗೂ ಅದರದೇ ಪರವಾನಗಿ ಇರುತ್ತದೆ. ಇಳಿಸಿಕೊಳ್ಳುವ ಮೊದಲು ಅದನ್ನು ಓದಿ.

ಕತ್ತರಿಸಲು ಉಚಿತವಾದ ಆಡಾಸಿಟಿ ಸಾಫ್ಟ್‌ವೇರ್ ಸಾಕು. ಬ್ರೌಸರಿನಲ್ಲೇ ಮಾಡುವುದಾದರೆ ಬ್ಯಾಂಡ್‌ಲ್ಯಾಬ್ ಇದೆ. ನನ್ನ ಮೊದಲ ಸ್ಯಾಂಪಲ್ ಮತ್ತೆ ಮತ್ತೆ ಸುತ್ತುವಾಗ ಪ್ರತಿ ಸುತ್ತಿಗೂ ‘ಟಿಕ್’ ಎನ್ನುತ್ತಿತ್ತು. ಎರಡು ದಿನ ಕಾರಣ ಹುಡುಕಿದೆ. ಪರದೆಯಲ್ಲಿ ಕಾಣುವ ದನಿಯ ಅಲೆ ನಡುಗೆರೆಗಿಂತ ಮೇಲಿದ್ದಾಗ ಕತ್ತರಿ ಹಾಕಿದ್ದೆ. ಅಲೆ ನಡುಗೆರೆ ದಾಟುವ ಜಾಗದಲ್ಲಿ ಕತ್ತರಿಸಿದರೆ, ಇಲ್ಲವೇ ತುದಿಯಲ್ಲಿ ಕೆಲವು ಮಿಲಿಸೆಕೆಂಡ್ ದನಿ ಇಳಿಸಿದರೆ ಆ ಸದ್ದು ಹೋಗುತ್ತದೆ. ಇನ್ನೊಂದು ವಿಷಯ ವೇಗ. ಟೇಪನ್ನು ಜೋರಾಗಿ ಓಡಿಸಿದರೆ ಶ್ರುತಿಯೂ ಏರುತ್ತದೆ, ಅಲ್ವಾ? ಈಗಿನ ಸಾಫ್ಟ್‌ವೇರ್ ಎರಡನ್ನೂ ಬೇರೆ ಮಾಡುತ್ತದೆ. ಆದರೂ ಶ್ರುತಿ ಬದಲಾಗಲು ಬಿಟ್ಟು ನೋಡಿ. ನಿಧಾನವಾದ ಹೆಣ್ಣುದನಿ ಚೆಲ್ಲೋ ಹಾಗೆ ಕೇಳಿಸುವುದನ್ನು ನಾನು ಕಂಡಿದ್ದು ಹಾಗೆಯೇ.

ರೀಮಿಕ್ಸ್, ಕವರ್ ಎರಡೂ ಸ್ಯಾಂಪಲ್ ಅಲ್ಲ. ರೀಮಿಕ್ಸ್‌ನಲ್ಲಿ ಇರುವ ಹಾಡನ್ನೇ ಬೇರೆ ರೀತಿ ಕೂಡಿಸುತ್ತಾರೆ. ಕವರ್‌ನಲ್ಲಿ ಇಡೀ ಹಾಡನ್ನು ಮತ್ತೆ ಹಾಡುತ್ತಾರೆ. ಹಳೆಯ ರಾಗದ ಸಾಲನ್ನು ಹೊಸದಾಗಿ ನುಡಿಸಿ ಸೇರಿಸಿದರೆ ಅದು ಇಂಟರ್‌ಪೊಲೇಶನ್. ಅದಕ್ಕೆ ಹಾಡು ಕಟ್ಟಿದವರ ಒಪ್ಪಿಗೆ ಬೇಕು, ಮುದ್ರಣದ್ದು ಬೇಡ.

ಯಾರ ಒಪ್ಪಿಗೆಯೂ ಬೇಡದ ಸ್ಯಾಂಪಲ್ ಒಂದಿದೆ. ನೀವೇ ಫೋನಿನಲ್ಲಿ ಹಿಡಿದ ಸದ್ದು. ನಾನು ಈಗ ಮಾಡುತ್ತಿರುವ ಹಾಡಿನ ತಾಳ ನಮ್ಮ ಬಾಗಿಲ ಚಿಲಕದ್ದು. ಮೂರನೇ ಸಲ ಹಾಕಿದಾಗ ಬಂದ ಸದ್ದು ಚೆನ್ನಾಗಿತ್ತು. ಫೈಲಿನ ಹೆಸರು ‘ಚಿಲಕ 3’.