ಬೋರ್ಡಿಗೆ ಕೈ ಬಿದ್ದಾಗ ಚೆಂಡು ಎಲ್ಲಿತ್ತು?

ದಾವಣಗೆರೆಯಲ್ಲಿ ಬ್ಯಾಸ್ಕೆಟ್‌ಬಾಲ್ ರೆಫರಿ ಪರೀಕ್ಷೆಗೆ ಓದುತ್ತಿರುವ ನಮ್ಮ ಗುಂಪಿನಲ್ಲಿ ಜಾಸ್ತಿ ಜಗಳ ಆಗುವುದು ಇದೊಂದಕ್ಕೇ. ಡಿಫೆಂಡರ್ ಬ್ಲಾಕ್ ಮಾಡಲು ಹಾರುತ್ತಾನೆ, ಚೆಂಡು ತಪ್ಪುತ್ತದೆ, ಅಂಗೈ ರಿಂಗಿನ ಹಿಂದಿನ ಬೋರ್ಡಿಗೆ ಪಟಾರನೆ ಬಡಿಯುತ್ತದೆ. ಬೆಂಚಿನವರೆಲ್ಲ ಎದ್ದು "ಸರ್, ಬಾಸ್ಕೆಟ್ ಕೊಡಿ" ಅಂತಾರೆ, ಅಂದರೆ ಚೆಂಡು ಒಳಗೆ ಹೋದಂತೆ ಅಂಕ ಕೊಡಿ ಅಂತ. ಕೊಡಬೇಕಾ?

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮಗಳ 31ನೇ ವಿಧಿ ಓದಿ. ಬೋರ್ಡಿಗೆ ಹೊಡೆದದ್ದೇ ತಪ್ಪು ಅಂತ ಅಲ್ಲಿ ಎಲ್ಲೂ ಇಲ್ಲ. ಶಬ್ದದ ಮಾತಂತೂ ಇಲ್ಲವೇ ಇಲ್ಲ. ಕೈ ತಗಲಿದ ಗಳಿಗೆಯಲ್ಲಿ ಚೆಂಡು ಎಲ್ಲಿತ್ತು ಅನ್ನುವುದು ಮುಖ್ಯ.

ಶಾಟ್ ಹೊಡೆದ ಚೆಂಡು ರಿಂಗಿಗೆ ತಾಗಿಕೊಂಡಿದೆ ಅನ್ನಿ. ಆಗ ಬೋರ್ಡನ್ನಾಗಲಿ ಬಾಸ್ಕೆಟ್ಟನ್ನಾಗಲಿ (ಅಂದರೆ ರಿಂಗು, ನೆಟ್ಟು) ಸುಮ್ನೆ ಮುಟ್ಟಿದರೂ ಇಂಟರ್‌ಫಿಯರೆನ್ಸ್, ಅಂದರೆ ಶಾಟ್ ನಡುವೆ ಕೈ ಹಾಕಿದ ತಪ್ಪು. ಬೋರ್ಡು ಅಲುಗಿತಾ ಇಲ್ವಾ ಅಂತ ನೋಡಬೇಕಿಲ್ಲ. ಚೆಂಡು ಇನ್ನೂ ಗಾಳಿಯಲ್ಲಿದ್ದರೆ ಬರೀ ಮುಟ್ಟಿದ್ದು ಲೆಕ್ಕಕ್ಕಿಲ್ಲ. ಬೋರ್ಡು ಕಂಪಿಸಬೇಕು, ಆ ಕಂಪನದಿಂದಲೇ ಚೆಂಡು ಒಳಗೆ ಹೋಗಲಿಲ್ಲ ಅಥವಾ ಹೋಯಿತು ಅಂತ ರೆಫರಿಗೆ ಅನ್ನಿಸಬೇಕು. ಎರಡೂ ಸೇರಿದರೆ ಮಾತ್ರ ಸೀಟಿ. ಹಾಗಾಗಿ ಮೇಲಿನ ಡಿಫೆಂಡರ್ ಬೋರ್ಡಿಗೆ ಬಡಿದಾಗ ಚೆಂಡು ಇನ್ನೂ ರಿಂಗ್ ತಲುಪಿರಲಿಲ್ಲ, ಆಮೇಲೆ ತಾನಾಗಿಯೇ ಹೊರಗೆ ಬಿತ್ತು ಅಂದರೆ ಆಟ ನಡೆಯಲಿ.

ನಮ್ಮ ಕಡೆಯ ಬಯಲು ಕೋರ್ಟುಗಳಲ್ಲಿ ಈ 'ಅನ್ನಿಸಬೇಕು' ಸ್ವಲ್ಪ ಕಷ್ಟ. ಬೋರ್ಡಿನ ಅಳತೆ 1.80 ಮೀಟರ್ ಅಗಲ, 1.05 ಮೀಟರ್ ಎತ್ತರ. ಇಷ್ಟು ದೊಡ್ಡ ಹಲಗೆಯ ಬೋಲ್ಟು ಸಡಿಲವಾಗಿದ್ದರೆ ಮಾಮೂಲಿ ಲೇಅಪ್ (ಹತ್ತಿರ ಓಡಿ ಬಂದು ಹಾಕುವ ಶಾಟ್) ಬಿದ್ದರೂ ರಿಂಗ್ ಗಡಗಡ ಅನ್ನುತ್ತದೆ, ನೆಟ್ಟು ಸುಮಾರು ಹೊತ್ತು ನಡುಗುತ್ತದೆ. ಅದಕ್ಕೇ ಪಂದ್ಯಕ್ಕೆ ಮುಂಚೆ ಬೋರ್ಡಿಗೆ ನಾಲ್ಕು ಸಲ ಚೆಂಡು ಎಸೆದು ನೋಡಿ. ತಾನಾಗಿ ಎಷ್ಟು ಅಲುಗುತ್ತದೆ ಅಂತ ತಿಳಿದಿದ್ದರೆ, ಕೈಯಿಂದ ಆದ ಅಲುಗಾಟ ಯಾವುದು ಅಂತ ಗೊತ್ತಾಗುತ್ತದೆ.

ತಪ್ಪು ಡಿಫೆಂಡರ್‌ದಾದರೆ ಶಾಟ್ ಹೊಡೆದ ಜಾಗ ನೋಡಿ 2 ಅಥವಾ 3 ಅಂಕ, ಚೆಂಡು ಒಳಗೆ ಹೋದಂತೆಯೇ ಲೆಕ್ಕ. ಅಟ್ಯಾಕ್ ಮಾಡುವವರದಾದರೆ ಅಂಕ ಇಲ್ಲ. ಫ್ರೀ ಥ್ರೋ ಗೆರೆಯ ನೇರಕ್ಕೆ, ಸೈಡ್‌ಲೈನಿನಿಂದ ಎದುರಾಳಿಗೆ ಚೆಂಡು. ಲೇಅಪ್ ಹೊಡೆದು ಓಡಿದವನೇ ಆಯ ತಪ್ಪಿ ಬೋರ್ಡಿಗೆ ಕೈ ಇಟ್ಟ, ಚೆಂಡು ರಿಂಗಿನ ಮೇಲೆ ಉರುಳುತ್ತಿತ್ತು, ಆಮೇಲೆ ಒಳಗೆ ಬಿತ್ತು: ಬಾಸ್ಕೆಟ್ ರದ್ದು. ಕೇಳಿದರೆ ಅನ್ಯಾಯ ಅನ್ನಿಸುತ್ತದೆ ಅಲ್ವಾ? ಆದರೆ ಉದ್ದೇಶ ಏನಿತ್ತು ಅಂತ ಇಲ್ಲಿ ಯಾರೂ ಕೇಳುವುದಿಲ್ಲ.

ಸಿಟ್ಟಿಗೆ ಬೋರ್ಡು ಬಡಿಯುವುದು ಬೇರೆ ವಿಷಯ. ಅದು ನಡತೆಯ ಪ್ರಶ್ನೆ, ಟೆಕ್ನಿಕಲ್ ಫೌಲ್ ಆಗಬಹುದು. ದಂಡ ಒಂದು ಫ್ರೀ ಥ್ರೋ. ಇಂಟರ್‌ಫಿಯರೆನ್ಸ್ ವಯಲೇಷನ್ (ಫೌಲ್ ಅಲ್ಲದ ನಿಯಮಭಂಗ) ಅಷ್ಟೇ, ಆಟಗಾರನ ಹೆಸರಿಗೆ ಫೌಲ್ ಏರುವುದಿಲ್ಲ. ಎರಡನ್ನೂ ಕಲಸಬೇಡಿ.

ಅಂದಹಾಗೆ, 1891ರಲ್ಲಿ ನೈಸ್ಮಿತ್ ಆಟ ಶುರು ಮಾಡಿದಾಗ ಬೋರ್ಡೇ ಇರಲಿಲ್ಲ. ಗ್ಯಾಲರಿಯ ಪ್ರೇಕ್ಷಕರು ಕೈ ಚಾಚಿ ಚೆಂಡು ತಡೆಯುತ್ತಿದ್ದರಂತೆ. ಅವರನ್ನು ತಡೆಯಲು ಬಂದದ್ದೇ ಈ ಹಲಗೆ.

ಇನ್ನೊಂದು, ಪರೀಕ್ಷೆಯಲ್ಲಿ ಕೇಳಬಹುದಾದದ್ದು. ಎರಡು ಫ್ರೀ ಥ್ರೋಗಳಲ್ಲಿ ಮೊದಲನೆಯದು ನಡೆಯುತ್ತಿದೆ. ಅದು ಒಳಗೆ ಹೋಗುವ ಸಾಧ್ಯತೆ ಇರುವವರೆಗೂ ಚೆಂಡು, ಬಾಸ್ಕೆಟ್, ಬೋರ್ಡು ಯಾವುದನ್ನೂ ಮುಟ್ಟುವಂತಿಲ್ಲ. ಇಲ್ಲಿ ಚೆಂಡು ರಿಂಗಿಗೆ ತಾಗಿರಲೇಬೇಕು ಅಂತೇನಿಲ್ಲ.