ನಮ್ಮ ಹಾಲ್‌ಗೂ ಒಂದು ಶ್ರುತಿ ಇದೆ

ಹೊಸ ಸ್ಪೀಕರ್ ಜೋಡಿ ಮನೆಗೆ ಬಂದ ಸಂಜೆ ಮೊದಲು ಹಾಕಿದ್ದು ಬರೀ ತಂಬೂರಿ. ಹಾಡಿಲ್ಲ, ತಾಳವಿಲ್ಲ, ನಾಲ್ಕು ತಂತಿ ಅಷ್ಟೇ. ಮೂವತ್ತು ವರ್ಷ ಪಿಯು ಹುಡುಗರಿಗೆ ಭೌತಶಾಸ್ತ್ರ ಕಲಿಸಿ, ನಿವೃತ್ತಿಯ ಹಣದಲ್ಲಿ ಒಂದು ಪಾಲು ಎತ್ತಿಟ್ಟು ಕೊಂಡ ಸ್ಪೀಕರ್ ಅವು. ಒಂದೊಂದೂ ಎದೆಯೆತ್ತರ ಇದೆ. ಬೆಲೆ ಎಷ್ಟೆಂದು ನನ್ನಾಕೆಗೆ ಅರ್ಧ ಮಾತ್ರ ಹೇಳಿದ್ದೇನೆ. ಆದರೆ ಆ ತಂಬೂರಿ ಕೇಳಿಸಿದ ರೀತಿಗೆ ಕೊಟ್ಟ ದುಡ್ಡು ಮರೆತೇ ಹೋಯಿತು. ಯಾರೋ ಬಂದು ಗೋಡೆಗೊರಗಿ ಮೀಟುತ್ತಿದ್ದಾರೆ ಎಂದುಕೊಂಡು ಅವಳು ಅಡುಗೆಮನೆಯಿಂದ ಇಣುಕಿ ನೋಡಿದಳು.

ಆಮೇಲೆ ಒಂದು ಹಳೇ ಸಿನಿಮಾ ಹಾಡು ಹಾಕಿದೆ. ಅಲ್ಲಿಗೆ ಕೆಟ್ಟಿತು.

ಹಾಡಿನ ಅಡಿಯಲ್ಲಿ ಬೇಸ್ ಗಿಟಾರ್ ನಡೆಯುತ್ತಿರುತ್ತದಲ್ಲ, ಅದು ಒಂದು ಸ್ವರದಲ್ಲಿ ಇದ್ದಕ್ಕಿದ್ದಂತೆ ಗುಡುಗುತ್ತಿತ್ತು. ಪಕ್ಕದ ಸ್ವರಕ್ಕೆ ಹೋದರೆ ತಣ್ಣಗಾಗುತ್ತಿತ್ತು. ಮತ್ತೆ ಆ ಸ್ವರಕ್ಕೆ ಬಂದರೆ ಷೋಕೇಸಿನ ಗಾಜು ಗಿರ್ರೆನ್ನುತ್ತಿತ್ತು. ಬಾರಿಸಿದವರು ಹಾಗೆ ಬಾರಿಸಿರಲಿಲ್ಲ. ಹೆಡ್‌ಫೋನ್ ಹಾಕಿ ಕೇಳಿದರೆ ಎಲ್ಲ ಸ್ವರಗಳೂ ಒಂದೇ ಸಮ.

ಮಾರಿದ ಅಂಗಡಿಗೆ ಫೋನ್ ಮಾಡಿದೆ. ಎರಡು ಉತ್ತರ ಬಂದವು. ಒಂದು, “ಸಾರ್, ಸ್ಪೀಕರ್ ಇನ್ನೂ ಹೊಸದು, ಇನ್ನೂರು ಗಂಟೆ ಓಡಿಸಿ, ಪಳಗುತ್ತೆ.” ಇನ್ನೊಂದು, “ಕೇಬಲ್ ಬದಲಾಯಿಸಿ.” ಆ ಕೇಬಲ್ಲಿಗೆ ಒಂದು ಒಳ್ಳೆ ಫ್ರಿಜ್ಜಿನ ಬೆಲೆ.

ನನಗೆ ರೇಗಿತು. ಸ್ಪೀಕರಿನ ಕೋನ್ ಸುತ್ತ ಇರುವ ರಬ್ಬರ್ ಮೊದಮೊದಲು ಒಂಚೂರು ಸಡಿಲವಾಗುವುದು ನಿಜ. ಅದಕ್ಕೂ ಒಂದೇ ಒಂದು ಸ್ವರ ಗುಡುಗುವುದಕ್ಕೂ ಏನು ಸಂಬಂಧ? ಇನ್ನು ಕೇಬಲ್. ಮನೆಯ ಪ್ಲಗ್ ಪಾಯಿಂಟಿಗೆ ಎಳೆಯುವ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ತಗೊಳ್ಳಿ. ಐದು ಮೀಟರ್ ಎಳೆದರೆ, ಹೋಗುವ ಬರುವ ದಾರಿ ಸೇರಿ ಹತ್ತು ಮೀಟರ್. ಅದರ ರೋಧ ಸುಮಾರು 0.07 ಓಮ್. ಸ್ಪೀಕರಿನದು 8 ಓಮ್. ನೂರಕ್ಕೆ ಒಂದು ಪಾಲೂ ಆಗಲಿಲ್ಲ. ಗ್ರಹಗತಿ ಸರಿಯಿಲ್ಲ, ಉಂಗುರ ಹಾಕಿ ಎನ್ನುವವರನ್ನು ನೋಡಿ ನಗುವ ಜನವೇ ಈ ಉಂಗುರವನ್ನು ಕ್ಯೂ ನಿಂತು ಕೊಳ್ಳುತ್ತಾರೆ.

ಒಂದು ರಾತ್ರಿ ಟೇಪ್ ಹಿಡಿದು ಹಾಲ್ ಅಳೆದೆ. ಉದ್ದ 20 ಅಡಿ, ಅಗಲ 10 ಅಡಿ, ಎತ್ತರ 10 ಅಡಿ. ಮನೆ ಕಟ್ಟಿದ ಮೇಸ್ತ್ರಿ ಎಲ್ಲವನ್ನೂ ರೌಂಡ್ ಫಿಗರ್ ಮಾಡಿದ್ದ. ಟೇಪ್ ಕೈಯಲ್ಲಿ ಹಿಡಿದುಕೊಂಡೇ ನಗು ಬಂತು.

ಹಿತ್ತಲಲ್ಲಿ ಸಿಮೆಂಟಿನ ನೀರಿನ ತೊಟ್ಟಿ ಇದ್ದವರಿಗೆ ಇದು ಗೊತ್ತಿರುತ್ತದೆ. ಒಂದು ತಟ್ಟೆ ಹಿಡಿದು ನೀರನ್ನು ಸುಮ್ನೆ ದೂಡುತ್ತಾ ಹೋಗಿ. ಹೇಗೆಂದರೆ ಹಾಗೆ ದೂಡಿದರೆ ನೀರು ಕದಡುತ್ತದೆ, ಅಷ್ಟೇ. ಒಂದು ಲಯ ಸಿಕ್ಕಿತೋ, ಇಡೀ ತೊಟ್ಟಿಯ ನೀರು ಈ ಕೊನೆಯಲ್ಲಿ ಏರಿ, ಆ ಕೊನೆಯಲ್ಲಿ ಇಳಿದು, ಮತ್ತೆ ತಿರುಗಾಮುರುಗಾ ಆಗಿ, ನಾಲ್ಕೇ ದೂಡಿಗೆ ಅಂಚು ದಾಟಿ ಚೆಲ್ಲುತ್ತದೆ. ಮಧ್ಯದಲ್ಲಿ ಬಿಟ್ಟ ಎಲೆ ಮಾತ್ರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಸೊಂಟದ ಮೇಲೆ ಕೊಡ ಹೊತ್ತು ಬರುವಾಗ ಹೆಜ್ಜೆಗೂ ನೀರಿಗೂ ಲಯ ಕೂಡಿದರೆ ಸೀರೆ ಒದ್ದೆ. ಉಯ್ಯಾಲೆ ತೂಗುವ ಮಕ್ಕಳಿಗಂತೂ ಹೇಳಿಕೊಡುವುದೇ ಬೇಡ, ಯಾವಾಗ ಕಾಲು ಚಾಚಬೇಕು ಅಂತ ಮೈಗೇ ಗೊತ್ತು.

ಕೋಣೆಯ ಗಾಳಿ ಆ ತೊಟ್ಟಿಯ ನೀರಿನ ಹಾಗೆ. ನೀರಿನ ಏರಿಳಿತದ ಜಾಗದಲ್ಲಿ ಇಲ್ಲಿ ಒತ್ತಡದ ಏರಿಳಿತ, ತಟ್ಟೆಯ ಜಾಗದಲ್ಲಿ ಸ್ಪೀಕರಿನ ಕೋನ್. ಗೋಡೆಯಿಂದ ಗೋಡೆಗೆ ಹೋಗಿ ವಾಪಸ್ ಬಂದ ಅಲೆಗೆ ಅದೇ ಹೊತ್ತಿಗೆ ಇನ್ನೊಂದು ನೂಕು ಸಿಕ್ಕರೆ ಅಲೆ ಬೆಳೆಯುತ್ತಲೇ ಹೋಗುತ್ತದೆ. ಇದಕ್ಕೆ ನಿಂತ ಅಲೆ ಎನ್ನೋಣ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ನಮ್ಮ ಹಾಲಿನ ಉದ್ದ 6.1 ಮೀಟರ್, ಹೋಗಿ ಬರಲು 12.2. ಭಾಗಿಸಿದರೆ 28 ಹರ್ಟ್ಸ್ ಚಿಲ್ಲರೆ, ಅಂದರೆ ಸೆಕೆಂಡಿಗೆ ಅಷ್ಟು ಅದುರು. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟಕ್ಕೂ ಅಲೆ ನಿಲ್ಲುತ್ತದೆ. ಹಾಗಾಗಿ ಉದ್ದದ ಎರಡನೇ ಅಲೆ ಸುಮಾರು 57 ಹರ್ಟ್ಸ್. ಅಗಲದ ಮೊದಲನೇ ಅಲೆ? ಹತ್ತು ಅಡಿಗೆ ಲೆಕ್ಕ ಹಾಕಿ, 57. ಎತ್ತರದ್ದು? ಅದೂ 57.

ಬೇಸ್ ಗಿಟಾರಿನ ಎ ತಂತಿ ಬಿಟ್ಟು ಮೀಟಿದರೆ 55 ಹರ್ಟ್ಸ್. ಅದರ ಪಕ್ಕದ ಸ್ವರ 58. ನಮ್ಮ ಹಾಲ್ ಕಾದು ಕೂತಿದ್ದದ್ದು ಸರಿಯಾಗಿ ಇವೆರಡರ ನಡುವೆ. ಮೂರು ದಿಕ್ಕಿನ ಮೂರು ಉಯ್ಯಾಲೆಗಳು ಒಂದೇ ಲಯಕ್ಕೆ ತೂಗುತ್ತಿದ್ದವು.

ಇಲ್ಲಿ ಸಿ. ವಿ. ರಾಮನ್ ನೆನಪಾಗುತ್ತಾರೆ. ಬೆಳಕಿನ ಕೆಲಸಕ್ಕೆ ನೊಬೆಲ್ ಬಂದದ್ದರಿಂದ ಅವರು ಶಬ್ದದ ಹಿಂದೆ ಎಷ್ಟು ವರ್ಷ ಬಿದ್ದಿದ್ದರು ಎಂಬುದನ್ನು ನಾವು ಮರೆತುಬಿಟ್ಟಿದ್ದೇವೆ. ಪಿಟೀಲು, ವೀಣೆ, ತಂಬೂರಿ, ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಪಿಸುಗುಟ್ಟುವ ಗ್ಯಾಲರಿ, ಒಂದನ್ನೂ ಬಿಡಲಿಲ್ಲ. 1920ರಲ್ಲಿ ಶಿವಕಾಳಿ ಕುಮಾರ್ ಜೊತೆ ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ 1934ರಲ್ಲಿ ಅದನ್ನೇ ವಿಸ್ತರಿಸಿದರು. ಅವರ ಪ್ರಶ್ನೆ ಸೊಗಸಾಗಿದೆ. ತಮಟೆಯನ್ನೋ ಡೋಲನ್ನೋ ಹೊಡೆದರೆ ಚರ್ಮ ಹತ್ತಾರು ರೀತಿಯಲ್ಲಿ ಅದುರುತ್ತದೆ. ಆ ಅದುರುಗಳ ನಡುವೆ ಸರಳ ಲೆಕ್ಕ ಇರುವುದಿಲ್ಲ. ಅದಕ್ಕೇ ಅದರಲ್ಲಿ ಸ್ಪಷ್ಟ ಸ್ವರ ಕೇಳಿಸದು, ಸದ್ದು ಕೇಳಿಸುತ್ತದೆ. ಮೃದಂಗದ ಬಲಭಾಗದಲ್ಲಿ ಮಾತ್ರ ಷಡ್ಜ ಹೇಗೆ ಬಂತು? ಕರಣೆಯಿಂದ. ಆ ಕಪ್ಪು ಲೇಪ ಚರ್ಮದ ನಡುವೆ ಭಾರ ಹೇರಿ, ಚದುರಿದ್ದ ಅದುರುಗಳನ್ನು ಒಂದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂಬ ಸಾಲಿಗೆ ತರುತ್ತದೆ. ಪದರ ಪದರವಾಗಿ ಹಚ್ಚಿ, ಕಲ್ಲಿನಿಂದ ತೀಡಿ, ಕಿವಿಗೊಟ್ಟು ಕೇಳಿ ಮತ್ತೆ ಹಚ್ಚುವ ಕುಶಲಕರ್ಮಿಗಳು ಯಾವ ಸಮೀಕರಣವೂ ಇಲ್ಲದೆ ಇದನ್ನು ಸಾಧಿಸಿದ್ದರು.

ನನ್ನ ಹಾಲಿನದು ಇದರ ತಮಾಷೆಯ ತಿರುವು. ಉದ್ದ, ಅಗಲ, ಎತ್ತರಗಳು ಒಂದಕ್ಕೊಂದು ಹೊಂದದ ಕೋಣೆಯಲ್ಲಿ ನಿಂತ ಅಲೆಗಳು ತಮಟೆಯ ಅದುರುಗಳ ಹಾಗೆ ಚದುರಿರುತ್ತವೆ, ಯಾವ ಸ್ವರವೂ ಮೇಲುಗೈ ಪಡೆಯದು. ಕೋಣೆಗೆ ಅದೇ ಒಳ್ಳೆಯದು. ನಮ್ಮ ಮೇಸ್ತ್ರಿ ಮಾತ್ರ ಗೊತ್ತಿಲ್ಲದೆ ಕರಣೆ ಹಚ್ಚಿ, ಕೋಣೆಯನ್ನು 28, 57, 85, 113 ಅಂತ ಶ್ರುತಿ ಮಾಡಿಟ್ಟಿದ್ದ! ಶ್ರುತಿ ಸೇರಿದ ಕೋಣೆಯಲ್ಲಿ ಬೇರೆಯವರ ಸಂಗೀತ ಕೇಳುವುದು ಕಷ್ಟ. (ಆಯ ನೋಡಿ ಮನೆ ಕಟ್ಟಿಸುವವರು ಅಳತೆಗೆ ಅಷ್ಟು ಇಷ್ಟು ಅಂಗುಲ ಸೇರಿಸಿ ವಿಚಿತ್ರ ಸಂಖ್ಯೆ ಮಾಡುತ್ತಾರೆ. ನನಗೆ ಆಯದಲ್ಲಿ ಕಿಂಚಿತ್ತೂ ನಂಬಿಕೆಯಿಲ್ಲ. ಆದರೆ ಅಂಥ ಒಂದಿಷ್ಟು ಅಂಗುಲ ನನ್ನ ಹಾಲಿಗೆ ಉಪಕಾರವನ್ನೇ ಮಾಡುತ್ತಿತ್ತು. ಕಾರಣ ಬೇರೆ, ಅಷ್ಟೇ.)

ಮರುದಿನ ಪ್ರಯೋಗ. ಫೋನಿನಿಂದ 57 ಹರ್ಟ್ಸ್ ಸ್ವರವನ್ನು ಸ್ಪೀಕರಿಗೆ ಕೊಟ್ಟೆ. ಹಾಲಿನ ನಟ್ಟನಡುವೆ ಉದ್ದಕ್ಕೆ ನಡೆದೆ. ಹಿಂದಿನ ಗೋಡೆಗೆ ಕಿವಿ ತಾಗಿಸಿದರೆ ಗುಂಯ್ ಎಂದು ತಲೆ ತುಂಬುತ್ತದೆ. ಒಂದೊಂದೇ ಹೆಜ್ಜೆ ಮುಂದೆ ಬಂದಂತೆ ಇಳಿಯುತ್ತದೆ. ಐದು ಅಡಿಗೆ ಬಂದಾಗ ಸ್ವರ ಹೆಚ್ಚುಕಡಿಮೆ ಮಾಯ. ಯಾರೋ ಸ್ವಿಚ್ ಆರಿಸಿದ ಹಾಗೆ. ಹತ್ತು ಅಡಿಗೆ ಮತ್ತೆ ಜೋರು. ಹದಿನೈದಕ್ಕೆ ಮತ್ತೆ ಮಾಯ. ಇಷ್ಟು ಚೊಕ್ಕವಾಗಿ ಬಂದದ್ದಕ್ಕೆ ನನ್ನ ಎತ್ತರವೂ ಕಾರಣ. ನಿಂತಾಗ ನನ್ನ ಕಿವಿ ನೆಲದಿಂದ ಐದು ಅಡಿ, ಅಂದರೆ ಎತ್ತರದ ಅಲೆ ಸುಮ್ಮನಿರುವ ಮಟ್ಟ. ನಡುವಿನ ಗೆರೆಯಲ್ಲಿ ನಡೆದದ್ದರಿಂದ ಅಗಲದ ಅಲೆಯೂ ಸುಮ್ಮನೆ. ಉಳಿದದ್ದು ಉದ್ದದ್ದು ಒಂದೇ. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಚಿತ್ರದೊಳಗೆ ನಾನೇ ನಡೆದಾಡುತ್ತಿದ್ದೆ. ಎಂಟು ಸಲ ಹೋಗಿ ಬಂದೆ. “ಮೈಗೆ ಹುಷಾರಿದೆ ತಾನೇ?” ಎಂದಳು ನನ್ನಾಕೆ.

ನಮ್ಮ ಸೋಫಾ ಇದ್ದದ್ದು ಹಿಂದಿನ ಗೋಡೆಗೆ ಅಂಟಿಕೊಂಡು. ಎಲ್ಲರ ಮನೆಯಲ್ಲೂ ಅಲ್ಲೇ ಅಲ್ವಾ? ಮಂದ್ರ ಅತಿ ಜಾಸ್ತಿ ಇರುವ ಜಾಗ ಅದು. ಎರಡು ಸ್ಪೀಕರುಗಳಲ್ಲಿ ಒಂದು, ಮೂಲೆಗೆ ಒತ್ತಿಕೊಂಡಿತ್ತು. ಮೂರೂ ಉಯ್ಯಾಲೆಗಳನ್ನು ಒಟ್ಟಿಗೆ ನೂಕಬೇಕೆಂದರೆ ಮೂಲೆಗಿಂತ ಒಳ್ಳೆ ಜಾಗ ಇಲ್ಲ.

ನಮ್ಮ ಮನೆಗಳದ್ದು ಇನ್ನೊಂದು ತೊಂದರೆ. ಅಮೆರಿಕದ ಮರದ ಚೌಕಟ್ಟಿನ ಮನೆಗಳಲ್ಲಿ ಗೋಡೆ ಎಂದರೆ ತೆಳು ಜಿಪ್ಸಮ್ ಹಲಗೆ. ಅದು ತಾನೂ ಅದುರಿ ಮಂದ್ರವನ್ನು ಒಂದಿಷ್ಟು ನುಂಗುತ್ತದೆ, ಒಂದಿಷ್ಟು ಹೊರಕ್ಕೆ ಬಿಡುತ್ತದೆ. ನಮ್ಮದು ಇಟ್ಟಿಗೆ, ಆರ್‌ಸಿಸಿ, ಗ್ರಾನೈಟು. ಒಳಗೆ ಬಂದ ಮಂದ್ರ ಹೊರಗೆ ಹೋಗುವುದಿಲ್ಲ. ಅಜ್ಜನ ಹೆಂಚಿನ ಮನೆಯಲ್ಲಿ ರೇಡಿಯೊ ಅಷ್ಟು ತಿಳಿಯಾಗಿ ಕೇಳುತ್ತಿದ್ದದ್ದಕ್ಕೆ ನೆನಪಿನ ಸಿಹಿಯಷ್ಟೇ ಕಾರಣವಲ್ಲ, ಹೆಂಚಿನ ಸಂದಿಯೂ ಕಾರಣ ಇದ್ದೀತು.

ಗೆಳೆಯರು ಮೊಟ್ಟೆ ಟ್ರೇ ಅಂಟಿಸು ಎಂದರು. ದಯವಿಟ್ಟು ಬೇಡ. ತೆಳುವಾದ ವಸ್ತು ಮೇಲಿನ ಸ್ವರಗಳನ್ನು ಸ್ವಲ್ಪ ಮೆತ್ತಗೆ ಮಾಡೀತು. 57 ಹರ್ಟ್ಸಿನ ಅಲೆಯ ಉದ್ದ 6 ಮೀಟರ್. ಅದನ್ನು ಗೋಡೆಯ ಮೇಲಿನ ಫೋಮಿನಿಂದ ಚೆನ್ನಾಗಿ ಹೀರಬೇಕೆಂದರೆ ಅಲೆಯ ಕಾಲು ಭಾಗದಷ್ಟು, ಅಂದರೆ ಐದು ಅಡಿ ದಪ್ಪ ಬೇಕು. ಮೊಟ್ಟೆ ಟ್ರೇ ಅಂಟಿಸಿ ಇದನ್ನು ತಡೆಯುವುದು ಜರಡಿಯಲ್ಲಿ ನೀರು ಹಿಡಿದ ಹಾಗೆ.

ಹೀರುವ ಮಾತು ಬಂದರೆ ವಾಲೇಸ್ ಸಬೈನ್ ಕತೆ ಹೇಳದೆ ಇರಲಾರೆ. 1895ರಲ್ಲಿ ಹಾರ್ವರ್ಡ್‌ನಲ್ಲಿ ಫಾಗ್ ಮ್ಯೂಸಿಯಮ್ಮಿನ ಹೊಸ ಉಪನ್ಯಾಸ ಸಭಾಂಗಣ ಕಟ್ಟಿದ್ದರು. ಒಳಗೆ ಮಾತಾಡಿದರೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಒಂದು ಪದ ಐದೂವರೆ ಸೆಕೆಂಡು ಗುಂಯ್‌ಗುಟ್ಟಿದರೆ ಇನ್ನೇನಾಗುತ್ತದೆ? ಸರಿಪಡಿಸಿ ಎಂದು ಭೌತಶಾಸ್ತ್ರ ವಿಭಾಗದ ಕಿರಿಯ ಮೇಷ್ಟ್ರು ಸಬೈನ್‌ಗೆ ಹೇಳಿದರು. ಅವರ ಉಪಕರಣಗಳು ಒಂದು ಆರ್ಗನ್ ಕೊಳವೆ, ಒಂದು ಸ್ಟಾಪ್‌ವಾಚ್, ತಮ್ಮ ಕಿವಿ. ಹಗಲಲ್ಲಿ ಗದ್ದಲ, ಆದ್ದರಿಂದ ಕೆಲಸವೆಲ್ಲ ರಾತ್ರಿ. ಚೆನ್ನಾಗಿ ಕೇಳಿಸುತ್ತಿದ್ದ ಸ್ಯಾಂಡರ್ಸ್ ಥಿಯೇಟರಿನಿಂದ ಕುರ್ಚಿಯ ಮೆತ್ತೆಗಳನ್ನು ಹೊರಿಸಿ ತಂದು, ಒಂದಷ್ಟು ಇಟ್ಟು ಅಳೆದು, ಇನ್ನಷ್ಟು ಇಟ್ಟು ಅಳೆದು, ಬೆಳಗಾಗುವುದರೊಳಗೆ ವಾಪಸ್ ಸಾಗಿಸುತ್ತಿದ್ದರು. ಕೊನೆಗೆ ಸಿಕ್ಕ ಸೂತ್ರ ಸಣ್ಣದು. ಕೋಣೆ ದೊಡ್ಡದಾದಷ್ಟೂ ಗುಂಯ್‌ಗಾಟ ಜಾಸ್ತಿ, ಹೀರುವ ಸಾಮಾನು ಹೆಚ್ಚಿದಷ್ಟೂ ಕಡಿಮೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಈ ವಿಜ್ಞಾನವನ್ನು ಬಳಸಿ ಕಟ್ಟಿದ್ದು. ಇವತ್ತಿಗೂ ಜಗತ್ತಿನ ಅತ್ಯುತ್ತಮ ಸಭಾಂಗಣಗಳ ಸಾಲಿನಲ್ಲಿದೆ. ಜನರ ಮೈಬಟ್ಟೆಯೂ ಮೆತ್ತೆಯೇ. ಖಾಲಿ ಸಭೆಯಲ್ಲಿ ಮೈಕ್ ಪರೀಕ್ಷೆ ಮಾಡಿ ಸರಿ ಮಾಡಿಟ್ಟದ್ದು ಜನ ತುಂಬಿದ ಮೇಲೆ ಬದಲಾಗುವುದು ಅದಕ್ಕೇ.

ಸಬೈನ್ ಸೂತ್ರ ದೊಡ್ಡ ಸಭೆಗಳಿಗೆ. ನಮ್ಮಂಥ ಪುಟ್ಟ ಹಾಲಿನ ಮಂದ್ರಕ್ಕೆ ಅದು ಸಾಲದು. ಇಲ್ಲಿ ಎರಡು ಮೂರು ಅಲೆಗಳದ್ದೇ ದರ್ಬಾರು. 200–300 ಹರ್ಟ್ಸ್ ದಾಟಿದ ಮೇಲೆ ನಿಂತ ಅಲೆಗಳು ಸಂತೆಯ ಜನರ ಹಾಗೆ ಒತ್ತೊತ್ತಾಗಿ, ಯಾವುದೂ ಬೇರೆಯಾಗಿ ಕೇಳಿಸದು. ತಂಬೂರಿ ಅಷ್ಟು ಚಂದ ಬಂದದ್ದರ ಗುಟ್ಟು ಇದು. ಅದರ ಝೇಂಕಾರದ ಹೆಚ್ಚಿನ ಪಾಲು ಆ ಮೇಲಿನ ಸಂತೆಯಲ್ಲೇ ಇರುತ್ತದೆ. ಅಲ್ಲಿ ನಾನು ಕೊಟ್ಟ ದುಡ್ಡಿಗೆ ಬೆಲೆಯಿದೆ.

ಇಷ್ಟು ದೊಡ್ಡ ಸಂಗತಿ ಖರೀದಿ ಮಾಡುವಾಗ ಯಾಕೆ ಹೊಳೆಯುವುದಿಲ್ಲ? 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸ್ಪೀಕರ್ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಅದೇ ಸ್ಪೀಕರುಗಳನ್ನು ಒಮ್ಮೆ ಪರದೆಯ ಹಿಂದಿಟ್ಟು, ಒಮ್ಮೆ ಕಾಣುವ ಹಾಗೆ ಇಟ್ಟು ಕೇಳಿಸಿ ಅಂಕ ಕೇಳಿದರು. ಕಣ್ಣಿಗೆ ಕಂಡಾಗ ದೊಡ್ಡ, ದುಬಾರಿ ಪೆಟ್ಟಿಗೆಗಳ ಅಂಕ ಏರಿತು, ಚಿಕ್ಕದರದ್ದು ಇಳಿಯಿತು. ನನಗೆ ಮುಖ್ಯವೆನಿಸಿದ್ದು ಬೇರೆ. ಪರದೆ ಇದ್ದಾಗ, ಸ್ಪೀಕರಿನ ಜಾಗ ಬದಲಾದರೆ ಕೇಳುಗರು ಅದನ್ನು ಗುರುತಿಸಿ ಅಂಕ ಬದಲಿಸುತ್ತಿದ್ದರು. ಪರದೆ ತೆಗೆದಾಗ ಜಾಗದ ವ್ಯತ್ಯಾಸ ಅವರ ಅಂಕಗಳಲ್ಲಿ ಅಷ್ಟಾಗಿ ಕಾಣಲಿಲ್ಲ. ಮೂರು ಅಂಗಡಿ ಸುತ್ತುವಾಗ ನಾನೂ ಅಷ್ಟೇ. ಮರದ ಪಾಲಿಶ್ ಸವರಿ ನೋಡಿದೆ, ಕೋಣೆ ನೋಡಲಿಲ್ಲ.

ಪರಿಹಾರ ಹೇಳುವಂಥದ್ದೇನೂ ಇಲ್ಲ. ಮೂಲೆಯ ಸ್ಪೀಕರನ್ನು ಎರಡಡಿ ಈಚೆಗೆ ಎಳೆದೆ. ಸೋಫಾವನ್ನು ಗೋಡೆಯಿಂದ ಮೂರು ಅಡಿ ಮುಂದೆ ತಂದೆ. ಲೆಕ್ಕದ ಪ್ರಕಾರ ಉದ್ದದ ಅಲೆಯ ಜೋರು ಅಷ್ಟಕ್ಕೇ ಸುಮಾರು 5 ಡೆಸಿಬಲ್ (ಶಬ್ದದ ಜೋರಿನ ಅಳತೆ) ಇಳಿಯಬೇಕು. ಪೂರ್ತಿ ಐದು ಅಡಿ ತಂದರೆ ಆ ಸ್ವರವೇ ಸತ್ತುಹೋಗುತ್ತದೆ, ಅದೂ ಬೇಡ. ಮೈಕ್ ಇಟ್ಟು ಅಳೆದು ತಾನೇ ತಿದ್ದುವ ಸಾಫ್ಟ್‌ವೇರ್ ಬಂದಿದೆ. ಗುಡುಗನ್ನು ಅದು ಇಳಿಸಬಲ್ಲದು. ಮಾಯವಾದ ಜಾಗವನ್ನು ತುಂಬಲಾರದು, ಎಷ್ಟು ಸುರಿದರೂ ಅಲ್ಲಿ ಅಲೆಗಳು ಪರಸ್ಪರ ಕಳೆದುಹೋಗುತ್ತವೆ. ಅಟ್ಟದಲ್ಲಿದ್ದ ಎರಡು ಹಳೇ ಹತ್ತಿ ಹಾಸಿಗೆಗಳನ್ನು ಸುತ್ತಿ ಹಿಂದಿನ ಮೂಲೆಗಳಲ್ಲಿ ನಿಲ್ಲಿಸಿದ್ದೇನೆ. 57ಕ್ಕೆ ಅವು ಹೆಚ್ಚೇನೂ ಮಾಡುವುದಿಲ್ಲ, 113ಕ್ಕೆ ಸ್ವಲ್ಪ ಮಾಡುತ್ತವೆ.

ಅದೇ ಸಿನಿಮಾ ಹಾಡು ಹಾಕಿದೆ. ಬೇಸ್ ಗಿಟಾರ್ ಮೆಟ್ಟಿಲು ಇಳಿದಂತೆ ಒಂದೊಂದೇ ಸ್ವರ ಇಟ್ಟುಕೊಂಡು ಹೋಯಿತು. ಷೋಕೇಸಿನ ಗಾಜು ಸುಮ್ಮನಿತ್ತು.

ವರಮಹಾಲಕ್ಷ್ಮಿ ಹಬ್ಬಕ್ಕೆ ಸೋಫಾ ಮತ್ತೆ ಗೋಡೆಗೆ ಹೋಯಿತು, ಹಾಸಿಗೆಗಳು ಅಟ್ಟಕ್ಕೆ. ಅರಿಶಿನ ಕುಂಕುಮಕ್ಕೆ ಬರುವವರಿಗೆ ಜಾಗ ಬೇಡವೇ? ನಾನು ಮಾತಾಡಲಿಲ್ಲ. ಸೋಫಾದ ನಾಲ್ಕು ಕಾಲು ಎಲ್ಲಿದ್ದವು ಎಂದು ಹಿಂದಿನ ರಾತ್ರಿಯೇ ನೆಲದ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಟ್ಟಿದ್ದೆ. ಬೆಳಗ್ಗೆ ಅವಳು ನೆಲ ಒರೆಸುವಾಗ ಅವನ್ನು ಸುತ್ತಿ ಒರೆಸಿದ್ದಳು.